ಮೋಡದ ಮೂವತ್ತೇಳು ದಿನ

ನನ್ನ ತಂಗಿಯ ಗಂಡ ಸ್ವಾರ್ಥಿ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಸಂಬಳ ತಂದು ಕೊಡುತ್ತಾನೆ, ಆದರೂ ಸ್ವಾರ್ಥಿ. ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವುದು ಅವನ ಕೆಲಸ. ಹಗಲೆಲ್ಲ ಊರವರ ದವಡೆಯ ಅಚ್ಚು ಉಜ್ಜಿ, ಸಂಜೆಯಾದರೆ ತಾರಸಿ ಹತ್ತಿ, ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಆಕಾಶದ ಚಿತ್ರ ತೆಗೆಯುತ್ತಾನೆ. ಬೀದಿಯವರು ಅವನನ್ನು ಚುಕ್ಕಿರಾಯ ಎನ್ನುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಒಂದು ಮಸುಕು ಚುಕ್ಕಿಯನ್ನು ನೋಡುವಷ್ಟು ಗಮನವಿಟ್ಟು ಅವನು ಹೆಂಡತಿಯ ಮುಖ ನೋಡಿದ್ದನ್ನು ನಾನು ಕಂಡಿಲ್ಲ.

ಈ ಸಲ ಅವನಿಗೆ ಹಿಡಿದಿದ್ದು ಪಶ್ಚಿಮದ ಮೂಲೆಯ ಒಂದು ಗ್ಯಾಲಕ್ಸಿ. ಅದು ಎಷ್ಟು ಮಂಕೆಂದರೆ ಐದೈದು ನಿಮಿಷದ ಚಿತ್ರಗಳನ್ನು ನೂರಾರು ತೆಗೆದು, ಒಂದರ ಮೇಲೊಂದು ಕೂಡಿಸಿದರೆ ಮಾತ್ರ ಕಾಣುತ್ತದಂತೆ. ಒಟ್ಟು ಇಪ್ಪತ್ತು ಗಂಟೆ ಬೇಕು. ಹದಿನೆಂಟು ಆಗಿತ್ತು. ಆಗ ಮೋಡ ಮುಚ್ಚಿತು. ಎದುರಿನ ಕಟ್ಟಡದ ಮೂರನೇ ಮಹಡಿಗೆ ಕಂಬ ಎದ್ದಿದ್ದವು; ಮೇಲೆ ಸ್ಲ್ಯಾಬ್ ಬಿದ್ದ ದಿನ ಆ ಮೂಲೆಯ ಆಕಾಶ ಈ ಮನೆಗೆ ಶಾಶ್ವತವಾಗಿ ಇಲ್ಲ. ಉಳಿದ ಎರಡು ಗಂಟೆ ಅದರೊಳಗೆ ಸಿಗಬೇಕಿತ್ತು.

ನನ್ನ ಮನೆಯ ರಿಪೇರಿ ನಡೆಯುತ್ತಿದ್ದುದರಿಂದ ಆ ದಿನಗಳಲ್ಲಿ ನಾನು ಅಲ್ಲೇ ಇದ್ದೆ. ಮೊದಲ ಬೆಳಿಗ್ಗೆ ಹಾಲಿಗೆಂದು ಫ್ರಿಜ್ ತೆಗೆದರೆ, ಹೂಕೋಸಿನ ಪಕ್ಕದಲ್ಲಿ ಕ್ಯಾಮೆರಾ ಕೂತಿದೆ. ಮುಚ್ಚಳ ಹಾಕಿಕೊಂಡೇ ಕ್ಲಿಕ್ ಕ್ಲಿಕ್ ಎನ್ನುತ್ತಿದೆ.

"ಅಕ್ಕ, ಬಾಗಿಲು ಹಾಕಿ, ಬಾಗಿಲು ಹಾಕಿ! ಕತ್ತಲೆ ಫೋಟೋ ತೆಗೀತಿದೆ."

"ಕತ್ತಲೇದು ಫೋಟೋ ಯಾಕಪ್ಪ?"

"ಕತ್ತಲೇಲೂ ಕ್ಯಾಮೆರಾ ತಾನಾಗೇ ಒಂದಿಷ್ಟು ಕಲೆ ಹಾಕ್ಕೊಳ್ಳತ್ತೆ. ರಾತ್ರಿಯಷ್ಟೇ ಚಳೀಲಿಟ್ಟು ಅದನ್ನ ಬೇರೆ ತೆಗೆದಿಟ್ಕೊಂಡ್ರೆ, ಆಮೇಲೆ ಚಿತ್ರದಿಂದ ಕಳೀಬಹುದು."

ಮರುದಿನ ಟೆಲಿಸ್ಕೋಪಿನ ಬಾಯಿಗೆ ತಂಗಿಯ ಬಿಳಿ ದಿಂಬಿನ ಚೀಲ ಬಿಗಿದು, ಬರೀ ಬಿಳುಪಿನ ಚಿತ್ರ ತೆಗೆದ. ಅದರಿಂದ ಗಾಜಿನ ಮೇಲಿನ ಧೂಳಿನ ಗುರುತು ಸಿಗುತ್ತದಂತೆ. ಆಮೇಲೆ ಸ್ಕ್ರೂ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ದಿನಾ ಸಂಜೆ ಪಕ್ಕದೂರಿನ ಬಸ್ ಡ್ರೈವರ್ ಒಬ್ಬನ ಫೋನು ಬರುತ್ತಿತ್ತು, ಸ್ಪೀಕರಿನಲ್ಲೇ ಮಾತು. ಅವನಿಗೂ ಇದೇ ಹುಚ್ಚು.

"ಹೇಗಿದೆ ಈಗ?"

"ಹಾಗೇ ಇದೆ ಕಣಯ್ಯ. ಏನೂ ಆಸೆ ಇಲ್ಲ."

"ಧೈರ್ಯ ತಗೊಳ್ಳಿ."

ಯಾರೋ ಆಸ್ಪತ್ರೆಯಲ್ಲಿದ್ದಾರೆಂದು ಎರಡು ದಿನ ನಾನು ನಂಬಿದ್ದೆ.

ಮೂರನೇ ವಾರ ಮಾಡಲು ಏನೂ ಉಳಿಯದೆ, ಹಾಳಾಗಿವೆಯೆಂದು ಬದಿಗಿಟ್ಟ ಹಳೆಯ ಚಿತ್ರಗಳನ್ನು ತೆರೆದ. ನಲವತ್ತೊಂದು ಇದ್ದವು. ಎಲ್ಲದರ ಕೆಳಮೂಲೆಯಲ್ಲೂ ಒಂದು ಬೆಳಕಿನ ಮಸುಕು. ಅದು ಎದುರಿನ ಕಟ್ಟಡದ ವಾಚ್‌ಮನ್‌ನ ದೀಪವೆಂದು ಅವನೊಂದಿಗೆ ಒಂದು ವರ್ಷದಿಂದ ಜಗಳವಾಡಿಕೊಂಡಿದ್ದ. ಈಗ ಒಂದೊಂದು ಚಿತ್ರದ ಮೇಲಿನ ಸಮಯ ನೋಡುತ್ತಾ ಹೋದವನು ಎದ್ದು ಅಡುಗೆಮನೆಯ ಕಿಟಕಿಗೆ ಬಂದು ನಿಂತ. ಕಿಟಕಿಯ ಎದುರಿಗೇ ಆ ಕಟ್ಟಡದ ಬಿಳಿ ಗೋಡೆ. ಇಲ್ಲಿ ದೀಪ ಹಾಕಿದರೆ ಬೆಳಕು ಅಲ್ಲಿಗೆ ಬಡಿದು ತಾರಸಿಗೆ ವಾಪಸ್ಸು ಹೋಗುತ್ತಿತ್ತು.

ಊಟದ ತಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ತಂಗಿಯನ್ನು ಕೇಳಿದ: "ರಾತ್ರಿ ಎರಡೂಕಾಲಿಗೆ, ಮೂರೂವರೆಗೆ, ಅಷ್ಟೊತ್ತಲ್ಲಿ ಅಡುಗೆಮನೇಲಿ ಏನು ಮಾಡ್ತಿರ್ತೀಯ? ಕ್ಯಾಮೆರಾ ಓಡೋಕೆ ಬಿಟ್ಟು ನಾನು ಮಲಗಿರ್ತೀನಿ, ನೀನಿಲ್ಲಿ ದೀಪ ಹಾಕ್ತೀಯ!"

"ಕಾಲು ಸೆಳೀತದೆ ರೀ. ಮೀನಖಂಡ ಕಲ್ಲಾಗತ್ತೆ. ಎದ್ದು ಓಡಾಡ್ತೀನಿ, ಬಿಸಿನೀರು ಕಾಯಿಸ್ಕೋತೀನಿ."

"ಎಷ್ಟು ದಿನದಿಂದ?"

"ನಿಮ್ಮ ಹತ್ರಾನೇ ಇದೆಯಲ್ಲ, ದಿನ, ಗಂಟೆ, ನಿಮಿಷ ಎಲ್ಲ. ನೀವೇ ನೋಡಿ ಹೇಳಿ."

ಅವನು ಪರದೆ ನೋಡಿ ಎಣಿಸಿದ. ಮೊದಲು ತಿಂಗಳಿಗೊಂದು, ಆಮೇಲೆ ಎರಡು, ಕೊನೆಕೊನೆಗೆ ದಿನ ಬಿಟ್ಟು ದಿನ. ನಾನು ಕಾದೆ.

"ಕೆಂಪು ದೀಪ ಹಾಕ್ಕೋಬಹುದಿತ್ತು," ಎಂದ.

ಮಾರನೆಯ ದಿನ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಅವಳ ಕೈಗೆ ಕೊಟ್ಟ. ಕೆಂಪು ಬೆಳಕು ಆ ಗೋಡೆಯವರೆಗೆ ಹೋಗುವುದಿಲ್ಲವಂತೆ. ನನ್ನ ಅಭಿಪ್ರಾಯಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೂವತ್ತೇಳನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಐದು ಗಂಟೆಗೆ ಆಕಾಶ ತೊಳೆದಿಟ್ಟಂತಿತ್ತು. ಎದುರಿನ ಕಂಬಗಳ ಮೇಲೆ ಆಗಲೇ ಹಲಗೆ ಹೊಡೆಯುತ್ತಿದ್ದರು, ಬೆಳಿಗ್ಗೆ ಕಾಂಕ್ರೀಟು. ಕತ್ತಲಾದ ಮೇಲೆ ಆ ಗ್ಯಾಲಕ್ಸಿ ಹಲಗೆಯ ಹಿಂದೆ ಇಳಿಯುವವರೆಗೆ ಸರಿಯಾಗಿ ಎರಡು ಗಂಟೆ ಇತ್ತು. ಡ್ರೈವರ್ ಫೋನಿನಲ್ಲಿ ಕಿರುಚಾಡುತ್ತಿದ್ದ. ಇವನು ಊಟ ತಿಂಡಿ ಬಿಟ್ಟು ತಾರಸಿ ಸೇರಿದ.

ಕೆಳಗೆ ನಾವಿಬ್ಬರು ಕೆಂಪು ಟಾರ್ಚಿನಲ್ಲಿ ತರಕಾರಿ ಹೆಚ್ಚುತ್ತಿದ್ದೆವು. "ಇದು ಟೊಮೇಟೊನೋ ಈರುಳ್ಳಿನೋ, ಮೂಸಿ ನೋಡ್ಬೇಕು ಅಕ್ಕ," ಎಂದು ನಕ್ಕವಳು ತಟ್ಟನೆ ಚಾಕು ಬಿಟ್ಟು ಸ್ಟೂಲಿನ ಮೇಲೆ ಕೂತಳು. ಎರಡೂ ಕೈಯಲ್ಲಿ ಎಡಗಾಲು ಅವುಚಿಕೊಂಡಳು. ಕೂಗಲಿಲ್ಲ, ಹಲ್ಲು ಕಚ್ಚಿದ್ದಳು.

ಅದೇ ಹೊತ್ತಿಗೆ ಅವನು ಸ್ವೆಟರಿಗೆಂದು ಕೆಳಗಿಳಿದ. ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಕೆಂಪು ಬೆಳಕಿನಲ್ಲಿ ಮುಖದ ಬಣ್ಣ ತಿಳಿಯುವುದಿಲ್ಲ. ಗೋಡೆಗೆ ಕೈ ಚಾಚಿ ಟ್ಯೂಬ್‌ಲೈಟ್ ಹಾಕಿದ.

"ರೀ, ದೀಪ! ಮೇಲೆ ಓಡ್ತಿದೆಯಲ್ಲ!"

"ಓಡ್ಲಿ. ಯಾವ ಕಾಲು?"

ನೆಲದ ಮೇಲೆ ಕೂತು ಅವಳ ಪಾದವನ್ನು ಅಂಗೈಗೆ ತೆಗೆದುಕೊಂಡ. ಪ್ಲಾಸ್ಟರಿನ ದವಡೆ ಹಿಡಿಯುವವನಂತೆ ಅತ್ತಿತ್ತ ತಿರುಗಿಸಿ ನೋಡಿ, ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದ. ಸ್ವಲ್ಪ ಹೊತ್ತಿಗೆ ಅವಳು ಕಚ್ಚಿದ್ದ ಹಲ್ಲು ಬಿಟ್ಟಳು. ನಾನು ಸ್ವಿಚ್ಚಿನ ಕಡೆ ಹೋದೆ.

"ಬೇಡ ಅಕ್ಕ. ಇನ್ನೂ ಗಟ್ಟಿಯಾಗೇ ಇದೆ. ಕಾಣ್ಬೇಕು," ಎಂದ, ತಲೆ ಎತ್ತದೆ.

ದೀಪ ಹಾಗೇ ಉರಿಯಿತು. ಎದುರಿನ ಗೋಡೆ ಬೆಳ್ಳಗೆ ಬೆಳಗುತ್ತಿತ್ತು. ತಾರಸಿಯ ಮೇಲೆ ಕ್ಯಾಮೆರಾ ಐದು ನಿಮಿಷಕ್ಕೊಮ್ಮೆ ಕ್ಲಿಕ್ ಎನ್ನುತ್ತಲೇ ಇತ್ತು.