ಗ್ರಿಲ್‌ನ ಹರಿವೆ

ಹತ್ತನೆಯ ತರಗತಿಯ ಮಗಳು ವಿಜ್ಞಾನದ ಒಂದು ಪಾಠವನ್ನು ಮಾತ್ರ ನನ್ನೆದುರು ಓದುತ್ತಿರಲಿಲ್ಲ. ಜೀವವಿಕಾಸದ ಪಾಠ ಅದು. ದಿನಾ ದೇವರ ಮುಂದೆ ಕೂರುವ ಅಮ್ಮನಿಗೆ ನೋವಾದೀತೆಂಬ ಹೆದರಿಕೆ ಅವಳಿಗೆ. ಅದನ್ನು ಓದಿ ಅವಳು ಸಂಜೆ ದೀಪ ಹಚ್ಚುವುದನ್ನೇ ಬಿಟ್ಟಾಳೆಂಬ ಹೆದರಿಕೆ ನನಗೆ.

ಕೊನೆಗೆ ನಾನೇ ಕೇಳಿದೆ. “ಏನುಂಟು ಅದರಲ್ಲಿ, ಹೇಳು.”

ಅವಳು ನಮ್ಮ ಚೆಂಬೂರಿನ ಮನೆಯ ಕಿಟಕಿ ಗ್ರಿಲ್ ತೋರಿಸಿದಳು. ಅಲ್ಲಿ ಥರ್ಮಾಕೋಲ್ ಡಬ್ಬದಲ್ಲಿ ನನ್ನ ಹರಿವೆ ಸೊಪ್ಪು ಇದೆ. ಬೀಜ ಉಡುಪಿಯ ತವರಿನದು. ಒಂದು ಮೇ ತಿಂಗಳು ನಾವು ಊರಿಗೆ ಹೋದಾಗ ನೀರಿಲ್ಲದೆ ಎಲ್ಲ ಒಣಗಿ, ಎರಡೇ ಗಿಡ ಉಳಿದಿದ್ದವು. ಅವುಗಳ ಬೀಜವನ್ನೇ ಬೂದಿಯಲ್ಲಿ ಕಲಸಿ ತೆಗೆದಿಟ್ಟಿದ್ದೆ. ಈಗಿನ ಗಿಡಗಳು ಒಂದೆರಡು ದಿನ ನೀರು ತಪ್ಪಿದರೂ ಬಾಡುವುದಿಲ್ಲ.

“ಅದೇ ಅಮ್ಮ. ಎಲ್ಲ ಗಿಡ ಸೇಮ್ ಇರಲ್ಲ. ಬಿಸಿಲು ತಡೆದುಕೊಂಡದ್ದು ಬದುಕಿತು, ಅದರ ಗುಣ ಮಕ್ಕಳಿಗೆ ಬಂತು. ಲಕ್ಷ ಲಕ್ಷ ವರ್ಷ ಹೀಗೇ ಆದ್ರೆ ಬೇರೆ ಜಾತಿಯೇ ಆಗ್ತದೆ.”

“ಬೀಜ ಆರಿಸಿದ್ದು ನಾನಲ್ವಾ?”

“ಪಾರಿವಾಳ ಸಾಕುವವರೂ ಹಾಗೇ ಆರಿಸ್ತಾರೆ. ಇದನ್ನೆಲ್ಲ ಕಂಡುಹಿಡಿದ ಸೈಂಟಿಸ್ಟ್ ಅವರ ಹತ್ತಿರವೂ ಕಲಿತಿದ್ದ. ಆದ್ರೆ ಕಾಡಲ್ಲಿ ಆರಿಸುವವರು ಯಾರೂ ಇಲ್ಲ. ಅಪ್ನೇ ಆಪ್, ತನ್ನಷ್ಟಕ್ಕೇ ಆಗ್ತದೆ.” ದನಿ ತಗ್ಗಿಸಿ ನನ್ನ ಮುಖ ನೋಡಿದಳು.

ನಾನು ಗ್ರಿಲ್‌ನ ಕಡೆ ನೋಡಿದೆ. “ಆ ಎರಡು ಗಿಡ ಉಳಿಸಿದ್ದೂ ನಾನಲ್ಲ ಮಾರಾಯ್ತಿ. ನಾನು ಊರಲ್ಲಿ ಹಲಸಿನ ಹಣ್ಣು ತಿಂತಾ ಇದ್ದೆ.”

ಅವಳು ನಕ್ಕುಬಿಟ್ಟಳು. ದೇವರು ನನಗೆ ಕೊಡುವುದೆಲ್ಲ ಇಂಥ ಸಣ್ಣ ಸಣ್ಣ ಖುಷಿಗಳೇ. ಉಳಿದ ಪಾಠವನ್ನು ದೇವರ ಗೂಡಿನ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿದಳು. ಸಂಜೆಯಾದಾಗ ನಾನು ಹೇಳುವ ಮೊದಲೇ ಎದ್ದು, ಪುಸ್ತಕ ತೆರೆದಿಟ್ಟೇ, ದೀಪಕ್ಕೆ ಎಣ್ಣೆ ಹಾಕಿದಳು.