ನೀರು ಹೋದ ಮೂಲೆ

ನನ್ನ ಅಪ್ಪ ಧರ್ಮಣ್ಣ ಪುಣೆಯಲ್ಲಿ ಎಷ್ಟು ಮನೆಗಳಿಗೆ ನೆಲ ಹಾಸಿದ್ದಾನೆಂದು ಯಾರೂ ಎಣಿಸಿಲ್ಲ. ಅವನು ಶಹಾಬಾದಿನ ಹತ್ತಿರದ ಹಳ್ಳಿಯವನು. ಅಲ್ಲಿಯ ಗಣಿಯ ಬೂದು ಬಣ್ಣದ ಫರಸಿ ಕಲ್ಲೂ ಅವನ ಹಾಗೆಯೇ ರೈಲು ಹತ್ತಿ ಈ ಊರಿಗೆ ಬರುತ್ತಿತ್ತು. ಸದಾಶಿವ ಪೇಠದ ವಾಡೆಗಳೆಂಬ ದೊಡ್ಡ ಅಂಗಳದ ಮನೆಗಳಲ್ಲಿ ಹಳೆಯ ನೆಲ ಕಿತ್ತು ಹೊಸದು ಹಾಸುವುದು, ದೇಹೂ ರೋಡಿನ ಮಿಲಿಟರಿ ಕ್ವಾರ್ಟರ್ಸಿನಲ್ಲಿ ಸಾಲು ಸಾಲು ಅಡುಗೆಮನೆಗಳಿಗೆ ಕಲ್ಲು ಕೂಡಿಸುವುದು, ಇದರಲ್ಲೇ ಅವನ ಆಯುಷ್ಯ ಕಳೆಯಿತು. ಅವ್ವ ಯಂಕವ್ವ ಅವನ ಜೊತೆಗಿದ್ದು ಸಿಮೆಂಟು, ಉಸುಕು ಕಲೆಸಿ ಕೊಡುತ್ತಿದ್ದಳು. ನಾನು ಅವರ ಒಬ್ಬಳೇ ಮಗಳು. ಗೋದಾ ಎಂಬ ನನ್ನ ಹೆಸರು ನಾವು ಸದಾಶಿವ ಪೇಠದಲ್ಲಿ ಬಾಡಿಗೆಗಿದ್ದ ವಾಡೆಯ ಮಾಲಕಿಣಿ ಇಟ್ಟದ್ದು. ಸಿಟ್ಟು ಮಾತ್ರ ನನ್ನದೇ, ಯಾವಾಗಲೂ ಮೂಗಿನ ತುದಿಯಲ್ಲಿ.

ನೆಲ ಮುಗಿದ ದಿನ ಅಪ್ಪನದೊಂದು ಪದ್ಧತಿ ಇತ್ತು. ಮನೆಯ ಹೆಂಗಸನ್ನು ಕರೆದು ಮುಂದೆ ನಿಲ್ಲಿಸಿ, ಮೋರಿಗೆ ದೂರದ ಮೂಲೆಯಲ್ಲಿ ಒಂದು ತಂಬಿಗೆ ನೀರು ಸುರಿಯುತ್ತಿದ್ದ. ಖೋಲಿ ಎಂಬ ಒಂದೇ ಕೋಣೆಯ ಮನೆಗಳಲ್ಲಿ ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಆ ಮೋರಿಯ ಮೂಲೆ ಒಂದೇ ಗತಿ. ಕಸಬರಿಗೆ ಮುಟ್ಟಿಸದೆ, ಯಾರೂ ನೂಕದೆ, ನೀರು ತಾನಾಗಿ ನಡೆದು ಹೋಗಿ ಅಲ್ಲಿ ಬೀಳಬೇಕು. ಬಿದ್ದ ಮೇಲೆಯೇ ಅವನು ಆ ಮನೆಯವರು ಕೊಟ್ಟ ಎಲೆ ಅಡಿಕೆ ಮುಟ್ಟುತ್ತಿದ್ದ. ನೀರು ಇಳಿಯಲು ನೆಲಕ್ಕೆ ಕೊಡುವ ಓರೆಗೆ ಅವನು ಢಾಳ ಅನ್ನುತ್ತಿದ್ದ. “ಢಾಳ ಕಣ್ಣಿಗಿ ಕಾಣಬಾರದು, ನೀರಿಗಿ ಕಾಣಬೇಕು” ಎಂದು ಪ್ರತಿ ಮನೆಯಲ್ಲೂ ಹೇಳುತ್ತಿದ್ದ.

ಚಿಕ್ಕವಳಿದ್ದಾಗ ನಾನು ಆ ನೀರಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಸರಿಯುತ್ತ ಹೋಗುತ್ತಿದ್ದೆ. ನೀರು ಒಂದು ಸಂದಿನ ಹತ್ತಿರ ನಿಲ್ಲುತ್ತಿತ್ತು, ಯೋಚನೆ ಮಾಡುತ್ತಿತ್ತು, ಮತ್ತೆ ಹೊರಡುತ್ತಿತ್ತು. ಕಿಟಕಿಯ ಬೆಳಕನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಿತ್ತು. ಆ ಹೊತ್ತಿನಲ್ಲಿ ಮನೆಯವರು ಯಾರೂ ಮಾತಾಡುತ್ತಿರಲಿಲ್ಲ. ಈಗಲೂ ಮಧ್ಯಾಹ್ನ ಮಂಪರು ಬಂದರೆ ನನಗೆ ಮೊದಲು ಕಾಣುವುದು ಆ ನೀರೇ.

ನನ್ನ ಮದುವೆ ಎಪ್ಪತ್ತೊಂಬತ್ತರಲ್ಲಿ ಆಯಿತು. ಗಂಡ ಲಾಲಪ್ಪ ಕಾರ್ಖಾನೆಯಲ್ಲಿ ಕೆಲಸಗಾರ. ಅಕ್ಕಿಕಾಳು ಬಿದ್ದ ಮೇಲೆ ಅಪ್ಪ ಎಲ್ಲರೆದುರು ನನಗೊಂದು ಮಾತು ಕೊಟ್ಟ.

“ನೀ ಎಂದಾರ ಒಂದು ಮನಿ ಕಟ್ಟಿದರ, ಅದರ ನೆಲ ನಂದು. ಬ್ಯಾರೆ ಯಾರ ಕೈನೂ ಹತ್ತಬಾರದು.”

ಎರಡು ವರ್ಷದ ಮೇಲೆ ಅವನು ನಿಧಾನವಾದ. ಮೊದಲಿಗೆ ಅಷ್ಟೇ. ಕಲ್ಲು ಮುಂದಿಟ್ಟುಕೊಂಡು ಕರಣಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ. ಏನಾದರೂ ಕೇಳಿದರೆ ಉತ್ತರ ಬರುತ್ತಿತ್ತು, ಆದರೆ ದೂರದ ಊರಿಂದ ಬಂದ ಹಾಗೆ ತಡವಾಗಿ. ಯಾರೋ ಚಹಾ ಕೊಟ್ಟರೆ ಕಣ್ಣಲ್ಲಿ ನೀರು. ಹೆಜ್ಜೆಗಳು ಚಿಕ್ಕವಾದವು, ಬಾಗಿಲು ದಾಟುವಾಗ ಕಾಲು ಏಳುತ್ತಲೇ ಇರಲಿಲ್ಲ.

“ಕಾಲು ಕಲ್ಲಿಗಿ ಅಂಟ್ಯಾವ” ಎಂದು ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದ.

ನಾನು ಅದನ್ನು ನೆಪ ಅಂದುಕೊಂಡೆ. ಕೆಲಸ ಬೇಸರವಾಗಿದೆ, ಮೈಗಳ್ಳತನ ಹತ್ತಿದೆ ಎಂದು ಬಾಯಿಗೆ ಬಂದಂತೆ ಅಂದೆ. ಅವ್ವನನ್ನೂ ಬಿಡಲಿಲ್ಲ. ಅವಳು ಕೆಲಸದ ಜಾಗದಲ್ಲಿ ದಿನವಿಡೀ ಅವನ ಬೆನ್ನು ಹತ್ತಿರುತ್ತಿದ್ದಳು. “ಇನ್ನ ಹುರಿ ಕಟ್ಟ್ರಿ.” “ಇನ್ನ ರಸಮಟ್ಟ ಇಡ್ರಿ.” “ಇನ್ನ ಕಲ್ಲು ಎಬ್ಬಿಸ್ರಿ.” ಮೂವತ್ತು ವರ್ಷ ಕಲ್ಲು ಕೂಡಿಸಿದ ಗವಂಡಿಗೆ ಹೀಗೆ ಹೇಳಿಕೊಡುವುದೇ ಎಂದು ನನಗೆ ನಾಚಿಕೆಯಾಗುತ್ತಿತ್ತು.

“ಯವ್ವಾ, ಜನರ ಮುಂದ ಅಪ್ಪನ ಮರ್ಯಾದಿ ಕಳೀಬ್ಯಾಡ” ಎಂದು ಒಮ್ಮೆ ಗದರಿದೆ. ಅವಳು ನನ್ನ ಮುಖ ನೋಡಿ, ಉಸುಕು ಜರಡಿ ಹಿಡಿಯಲು ಹೋದಳು.

ಎಂಬತ್ತೈದರ ಒಂದು ಬೆಳಿಗ್ಗೆ ಅಪ್ಪನ ಬಾಯಿ ಒಂದು ಕಡೆ ವಾಲಿತು. ಮಧ್ಯಾಹ್ನದೊಳಗೆ ಸರಿಯಾಯಿತಾದರೂ ನಾನು ಹಟ ಹಿಡಿದು ದವಾಖಾನೆಗೆ ಕರೆದುಕೊಂಡು ಹೋದೆ. ಬಿ.ಪಿ. ನೋಡಿದ ಡಾಕ್ಟರರ ಹುಬ್ಬು ಮೇಲೇರಿತು. ವರ್ಷಗಳ ಹಿಂದೆಯೇ ಯಾರೋ ಗುಳಿಗೆ ಬರೆದುಕೊಟ್ಟಿದ್ದರಂತೆ. ಎಲ್ಲೂ ನೋಯುತ್ತಿಲ್ಲವಲ್ಲ ಎಂದು ಅಪ್ಪ ಬಿಟ್ಟುಬಿಟ್ಟಿದ್ದ. ತಲೆಯ ಒಳಗಿನ ಫೋಟೊ ತೆಗೆಯುವ ದೊಡ್ಡ ಯಂತ್ರದಲ್ಲಿ ಅವನನ್ನು ಮಲಗಿಸಿದರು. ಆಮೇಲೆ ಡಾಕ್ಟರರು ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಮರಾಠಿಯಲ್ಲಿ ವಿವರಿಸಿದರು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ದೊಡ್ಡ ರಕ್ತನಾಳಗಳಿಗೆ ಏನೂ ಆಗಿಲ್ಲ. ಮೆದುಳಿನ ಆಳದಲ್ಲಿ ಕೂದಲಿಗಿಂತ ಸಣ್ಣ ನಾಳಗಳಿರುತ್ತವೆ, ಎಷ್ಟೋ ವರ್ಷದ ಬಿ.ಪಿ.ಯಿಂದ ಅವು ಪೆಡಸಾಗಿ ಒಂದೊಂದೇ ಮುಚ್ಚಿಹೋಗಿವೆ. ರಕ್ತ ಮುಟ್ಟದ ಜಾಗ ಅಲ್ಲಲ್ಲಿ ಸತ್ತಿದೆ.

ಅಪ್ಪ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದ. ಆಮೇಲೆ ಬೆರಳ ಗೆಣ್ಣಿನಿಂದ ತನ್ನ ಹಣೆಯನ್ನು ಎರಡು ಸಲ ತಟ್ಟಿಕೊಂಡ, ಕಲ್ಲು ಕೂತಿದೆಯೋ ಇಲ್ಲವೋ ನೋಡಲು ಫರಸಿಯನ್ನು ತಟ್ಟುತ್ತಿದ್ದ ಹಾಗೆಯೇ.

“ಮ್ಯಾಲಿನ ಕಲ್ಲು ಛಲೋ ಅದ” ಅಂದ. “ತಳಗ ಪೊಳ್ಳಾಗ್ಯಾದ.”

ಡಾಕ್ಟರರಿಗೆ ನಾನದನ್ನು ಮರಾಠಿಯಲ್ಲಿ ಹೇಳಿದೆ. ಅವರು ತಾವು ಹೇಳಿದ್ದಕ್ಕಿಂತ ಇದೇ ಸರಿ ಎಂದರು. ಹೋದದ್ದು ತಿರುಗಿ ಬರುವುದಿಲ್ಲ, ಇನ್ನಷ್ಟು ಹೋಗದಂತೆ ಗುಳಿಗೆ ತಪ್ಪಿಸಬೇಡಿ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಇವರು ಕೆಲಸ ಮರೆತಿಲ್ಲ, ಒಂದರ ನಂತರ ಯಾವುದು ಎಂಬ ಸಾಲು ಮಾತ್ರ ತಪ್ಪುತ್ತದೆ, ಪಕ್ಕದಲ್ಲಿ ಯಾರಾದರೂ ನೆನಪು ಮಾಡಿಕೊಟ್ಟರೆ ಕೈ ತಾನಾಗಿ ಮಾಡುತ್ತದೆ.

ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಗೋಡೆಗೆ ನಿಂತಿದ್ದಳು. “ನಾಕು ವರ್ಷದಿಂದ ಅದೇ ಮಾಡ್ಲಕತ್ತೀನಿ” ಅಂದಳು.

ನನ್ನ ನಾಲಿಗೆ ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಅವಳು ಅವನ ಮರ್ಯಾದೆ ಕಳೆಯುತ್ತಿರಲಿಲ್ಲ, ಒಂದೊಂದು ಕಲ್ಲಿಗೆ ಒಂದೊಂದು ಮಾತು ಸೇರಿಸಿ ಉಳಿಸುತ್ತಿದ್ದಳು. ಅವಳ ಕ್ಷಮೆ ಕೇಳಲು ನನಗೆ ಆ ದಿನ ಬಾಯಿ ಬರಲಿಲ್ಲ.

ಆಮೇಲೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ವಾಡೆಯ ಅಂಗಳದಲ್ಲಿ ಕೂತು ಅಂಗೈಯನ್ನು ಕಲ್ಲಿನ ಮೇಲಿಟ್ಟುಕೊಂಡಿರುತ್ತಿದ್ದ. ಕೇಳಿದರೆ, ಎಲ್ಲ ಮನೆಗಳ ನೆಲಗಳೂ ಒಂದಕ್ಕೊಂದು ಕೂಡಿಕೊಂಡಿವೆ ಎನ್ನುತ್ತಿದ್ದ. ಈ ಅಂಗಳದಿಂದ ಹೊರಟರೆ ಪಕ್ಕದ ವಾಡೆಯ ದೇವರ ಕೋಣೆ, ಅದನ್ನು ದಾಟಿದರೆ ದೇಹೂ ರೋಡಿನ ಅಡುಗೆಮನೆಗಳು, ಅಲ್ಲಿಂದ ಎರಡು ಹೆಜ್ಜೆಗೆ ಶಹಾಬಾದಿನ ಗಣಿ. ನಡುವೆ ಬೀದಿ ಇಲ್ಲ, ಗೋಡೆ ಇಲ್ಲ. ಎಲ್ಲದರ ಢಾಳವೂ ಮುಠಾ ನದಿಯ ಕಡೆಗೆ. ಅವನ ಬಾಯಲ್ಲಿ ಕೇಳುತ್ತ ಕೂತರೆ ನನಗೂ ಊರು ಹಾಗೆಯೇ ಕಾಣತೊಡಗುತ್ತಿತ್ತು. ಒದ್ದೆಯಾದ, ತಂಪಾದ ಒಂದೇ ನೆಲ, ಅದರ ಮೇಲೆ ಬರಿಗಾಲಲ್ಲಿ ನಡೆಯುವ ಜನ.

ಎಂಬತ್ತಾರರಲ್ಲಿ ನಾನೂ ಗಂಡನೂ ಊರ ಹೊರಗಿನ ಖರಾಡಿಯಲ್ಲಿ ಒಂದು ತುಂಡು ಜಾಗ ಹಿಡಿದೆವು. ಆಗ ಅಲ್ಲಿ ಜೋಳದ ಹೊಲಗಳೇ ಹೆಚ್ಚು. ಒಂದು ದೊಡ್ಡ ಖೋಲಿಗೆ ಗೋಡೆ ಎದ್ದಿತು, ಮೇಲೆ ಶೀಟು ಕೂತಿತು. ಹಿಂದಿನ ಗೋಡೆಯ ಎಡಮೂಲೆಯಲ್ಲಿ ಮೋರಿಗೆಂದು ನಮ್ಮವರು ತೂತು ಬಿಟ್ಟು, ಹೊರಗೆ ಗಟಾರ ತೋಡಿದ್ದರು. ಲಾರಿಯಲ್ಲಿ ಫರಸಿ ಬಂದು ಇಳಿಯಿತು.

“ಬ್ಯಾರೆ ಗವಂಡಿನ ಕರೀತೀನಿ” ಅಂದರು ನಮ್ಮವರು. “ಇರೋದು ಇಷ್ಟೇ ಕಲ್ಲು. ಕೆಟ್ಟರ ಮತ್ತ ತರೋದು ಆಗಂಗಿಲ್ಲ. ಮಾವನ ಮ್ಯಾಲೆ ನನಗ ಸಿಟ್ಟಿಲ್ಲ, ಗೋದಾ.”

“ಅವನ ಕೈ ಇನ್ನೂ ಅದ” ಅಂದೆ. “ಮುಂದಿನ ವರ್ಷ ಇರ್ತದೋ ಇಲ್ಲೋ.”

ಅವರ ಮಾತು ತಪ್ಪಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಆ ನೆಲ ಅಪ್ಪನ ಕೈಯಿಂದ ತಪ್ಪಿದರೆ ಅವನು ಮತ್ತೆಂದೂ ಕರಣಿ ಹಿಡಿಯುವುದಿಲ್ಲ ಎಂಬುದೂ ಗೊತ್ತಿತ್ತು. ಮೂರು ದಿನ ಮುಖ ಊದಿಸಿಕೊಂಡು ನಾನು ಗೆದ್ದೆ.

ಕೆಲಸ ಹನ್ನೊಂದು ದಿನ ನಡೆಯಿತು. ಅವ್ವ ಕಲೆಸುತ್ತ ಕಲೆಸುತ್ತ ಹೇಳುತ್ತಿದ್ದಳು, ಅಪ್ಪ ಮಾಡುತ್ತಿದ್ದ. ಹೇಳುವವರೆಗೆ ಮಂಕಾಗಿ ಕೂತಿರುತ್ತಿದ್ದ ಕೈ, ಹೇಳಿದೊಡನೆ ಎಚ್ಚರಾಗಿ ಕಲ್ಲಿನ ಅಂಚು ಹುಡುಕಿಕೊಳ್ಳುತ್ತಿತ್ತು. ಅಂಚಿಗೆ ಅಂಚು ಕೂಡಿಸಿ, ಕರಣಿಯ ಹಿಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಪೊಳ್ಳು ಸದ್ದು ಬಂದರೆ ಎಬ್ಬಿಸಿ ಮತ್ತೆ ಕೂಡಿಸುತ್ತಿದ್ದ. ಅದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡುನಡುವೆ ತಲೆ ಎತ್ತಿ, “ಮಾಲಕಿಣಿದು ಊಟ ಆತೇನು? ಸದ್ದಾಗ್ತದ ಅಂತಾಳ” ಎಂದು ಕೇಳುತ್ತಿದ್ದ. ಸದಾಶಿವ ಪೇಠದ ಆ ಮಾಲಕಿಣಿ ಸತ್ತು ಆರು ವರ್ಷವಾಗಿತ್ತು. ಆಗ್ಯಾದ, ಮಲಗ್ಯಾಳ ಎಂದು ಅವ್ವ ಹೇಳುತ್ತಿದ್ದಳು, ನಾವು ನಗುತ್ತಿದ್ದೆವು. ಆ ಮಾತಿಗೆ ನಾನು ನಗುವುದು ಬಿಟ್ಟು ಸ್ವಲ್ಪ ಯೋಚಿಸಬೇಕಿತ್ತು.

ಹನ್ನೆರಡನೆಯ ದಿನ ನಾನು ಮನೆಯ ಹೆಂಗಸಾಗಿ ಎದುರು ನಿಂತೆ. ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು. ಅಪ್ಪ ಗೋಡೆ ಹಿಡಿದುಕೊಂಡು, ಅಂಟಿದ ಕಾಲುಗಳನ್ನು ಬಿಡಿಸುತ್ತ ಬಿಡಿಸುತ್ತ ಹಿಂದಿನ ಬಲಮೂಲೆಗೆ ಹೋಗಿ ತಂಬಿಗೆ ಬಗ್ಗಿಸಿದ. ನೀರು ನಿಂತಿತು, ಯೋಚಿಸಿತು, ಹೊರಟಿತು. ಹಿಂದಿನ ಗೋಡೆಯ ಗುಂಟ ಎಡಕ್ಕೆ ಹೋಗುತ್ತದೆಂದು ನಾನು ಕಾದೆ. ಅದು ಓರೆಯಾಗಿ ಖೋಲಿಯನ್ನು ದಾಟಿ, ಎಲ್ಲೂ ತಡವರಿಸದೆ, ಬೀದಿ ಬದಿಯ ಬಾಗಿಲ ಪಕ್ಕದ ಕಿಟಕಿಯ ಕೆಳಗೆ ಹೋಗಿ ನಿಂತಿತು. ಅಲ್ಲಿ ಬರೀ ಗೋಡೆ ಇತ್ತು.

“ಮೋರಿ ಎಲ್ಲಿ ಹೋತು?” ಎಂದು ಅಪ್ಪ ಕೇಳಿದ.

ಅವ್ವ ಬಾಗಿಲು ನೋಡಿದಳು, ಕಿಟಕಿ ನೋಡಿದಳು. ನಾವು ಇಪ್ಪತ್ತೆರಡು ವರ್ಷ ಇದ್ದ ಸದಾಶಿವ ಪೇಠದ ಖೋಲಿಯಲ್ಲಿ ಮೋರಿ ಇದ್ದದ್ದು ಕಿಟಕಿಯ ಕೆಳಗೆ, ಅದೇ ಮೂಲೆಯಲ್ಲಿ. ಅಪ್ಪ ಹನ್ನೊಂದು ದಿನವೂ ಆ ಖೋಲಿಗೇ ನೆಲ ಹಾಸಿದ್ದ.

“ಎಲ್ಲಾ ಹೇಳ್ದೆ” ಎಂದು ಅವ್ವ ನೆಲಕ್ಕೆ ಕುಸಿದಳು. “ಮೋರಿ ಯಾವ ಕಡಿ ಅಂತ ಹೇಳೋದು ಬಿಟ್ಟೆ. ಅವ್ರಿಗಿ ಅದನ್ನ ಹೇಳಬೇಕಂತ ನನಗ ಹ್ಯಾಂಗ ಹೊಳೀಬೇಕು?”

ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ, ನಾನು ಮುಂದೆ ಹಿಡಿದಿದ್ದ ತಟ್ಟೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿದ.

“ಎಲಿ ಬ್ಯಾಡ, ಯವ್ವಾ. ನೀರು ಹೋಗಿಲ್ಲ.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ, ಬಹುಶಃ ಆ ಸಣ್ಣ ಸಣ್ಣ ನಾಳಗಳ ಮೇಲೆ. ತಟ್ಟೆಯನ್ನು ನೆಲಕ್ಕಿಟ್ಟು, ಸುತ್ತಿಗೆ ಮತ್ತು ಕಬ್ಬಿಣದ ಚಾಣ ತೆಗೆದುಕೊಂಡು, ನೀರು ನಿಂತ ಮೂಲೆಯಲ್ಲಿ ಕೂತು ಗೋಡೆಯ ಬುಡಕ್ಕೆ ಹೊಡೆದೆ. ಹೊಸ ಸಿಮೆಂಟಿನ ಚೂರು ಹಾರಿತು. ನಮ್ಮವರು ಹಿಂದೆ ಬಂದು ನಿಂತರು. ಈಗ ಬೈಯುತ್ತಾರೆ, ಮೊದಲೇ ಹೇಳಿದ್ದೆ ಅನ್ನುತ್ತಾರೆ ಎಂದು ನಾನು ತಿರುಗಿ ನೋಡಲಿಲ್ಲ.

“ಬಿಡು, ಕೈ ಜಜ್ಜಿಕೊಂಡೀ” ಎಂದು ಅವರು ಸುತ್ತಿಗೆ ತೆಗೆದುಕೊಂಡರು. “ಗಟಾರದ್ದೇನು, ಈ ಕಡಿ ತೋಡಿದರಾತು.”

ಇಟ್ಟಿಗೆ ಒಡೆದು ಮುಷ್ಟಿಯಷ್ಟು ಬೆಳಕು ಒಳಗೆ ಬಂತು. ನೀರು ಅದನ್ನೇ ಕಾದಿದ್ದ ಹಾಗೆ ಎದ್ದು ಹೊರಗೆ ನಡೆಯಿತು, ಬೀದಿಯ ಧೂಳಿಗೆ ಬೀಳುವ ಸದ್ದು ನಮಗೆಲ್ಲ ಕೇಳಿಸಿತು. ಅಪ್ಪ ತಲೆ ವಾಲಿಸಿ ಕೊನೆಯ ಹನಿಯವರೆಗೂ ಕೇಳಿದ. ಆಮೇಲೆ ಬಗ್ಗಿ, ತಟ್ಟೆಯಿಂದ ಒಂದು ಎಲೆ ಎತ್ತಿಕೊಂಡು ತೊಡೆಗೆ ಒರೆಸಿದ.

ಅವನು ಮತ್ತೆ ಎರಡು ವರ್ಷ ಇದ್ದ. ಕೊನೆಕೊನೆಗೆ ನನ್ನ ಹೆಸರೂ ತಡವಾಗಿ ಬರುತ್ತಿತ್ತು, ಬರುವವರೆಗೆ ನಾನು ಕಾಯುತ್ತಿದ್ದೆ. ಬಾಗಿಲ ಪಕ್ಕದಲ್ಲೇ ಮೋರಿ ಕಟ್ಟಿದ್ದೀರಲ್ಲ, ಯಾವ ತಿಳಿಗೇಡಿ ಗವಂಡಿ ಎಂದು ನೆರೆಯವರು ಇಂದಿಗೂ ಕೇಳುತ್ತಾರೆ. ನಾನು ಜಗಳ ಆಡುವುದಿಲ್ಲ. ಒಳಗೆ ಕರೆದು, ಹಿಂದಿನ ಮೂಲೆಯಲ್ಲಿ ಒಂದು ತಂಬಿಗೆ ನೀರು ಸುರಿದು, ಸುಮ್ಮನೆ ನಿಂತು ನೋಡ್ರಿ ಅನ್ನುತ್ತೇನೆ.