ರುಮಾಲು ಸುತ್ತಿದ ಕೊಡತಿ

ನಮ್ಮೂರ ಶಾಲೆಯ ದೌಲತರಾಯ ಮಾಸ್ತರರು ಗುಟ್ಟು ಹೇಳಿದರೂ ಪಕ್ಕದೂರು ಕೊಳಕೂರಿನ ಎತ್ತುಗಳು ಕಿವಿ ನಿಮಿರಿಸುತ್ತವೆ, ಅಂಥ ಗಂಟಲು. ಮಗ್ಗಿ ತಪ್ಪಿದವನು ಅವರಿಗೆ ಕತ್ತಿಮಗ, ಅಂದರೆ ಕತ್ತೆಯ ಮಗ; ಒಪ್ಪಿಸಿದವನು ಶಾಣ್ಯಾ ಕತ್ತಿಮಗ. ಆದರೆ ಒಂದನೇ ಇಯತ್ತೆಯ ಶಿವಕಾಂತಾ ಎದುರಾದರೆ ಆ ಗಂಟಲೂ ನಡೆಯುವುದಿಲ್ಲ. ಹುಡುಗಿ ಹೆಸರು ಕೂಗಿದರೆ ತಿರುಗುವುದಿಲ್ಲ. ಗಂಟೆ ಹೊಡೆದರೆ ಮಾತ್ರ ಕಿವಿ ಮುಚ್ಚಿಕೊಂಡು ಚೀರುತ್ತ ಹೊಲದ ಕಡೆ ಓಡುತ್ತಾಳೆ. "ಕಿವುಡಿ ಅಂದ್ರ ಗಂಟಿ ಹ್ಯಾಂಗ ಕೇಳ್ತದ? ಗಂಟಿ ಕೇಳಿದ್ರ ನಾ ಕರದದ್ದು ಯಾಕ ಕೇಳಂಗಿಲ್ಲ?" ಎನ್ನುತ್ತ ಮಾಸ್ತರರು ಆರಿಹೋದ ಬೀಡಿಯನ್ನೇ ಎಳೆಯುತ್ತಾರೆ. ಮನೆಯವರು ಜಿಡಗಾ ಮಠದ ವಿಭೂತಿ ಹಚ್ಚಿದ್ದಾಯಿತು, ದರ್ಗಾದ ತಾಯಿತ ಕಟ್ಟಿದ್ದಾಯಿತು. "ಹುಚ್ಚಿ ಅದಾಳ್ರಿ. ಹೆಸರು ತಗದು ಮನಿಗಿ ಕಳಸ್ರಿ," ಎಂದು ಪಂಚಾಯತಿ ಮೆಂಬರ ದೊಡ್ಡಪ್ಪ ದಿನಾ ಕುಟುಕುತ್ತಾನೆ. "ಹುಚ್ಚಿ ಹೌದೋ ಅಲ್ಲೋ ನನಗ ತಿಳಿವಲ್ದು. ತಿಳೀದ ಹ್ಯಾಂಗ ತಗೀಲೋ ಶಾಣ್ಯಾ?" ಎಂದು ಇವರು ಗುಡುಗುತ್ತಾರೆ. ಮೊನ್ನೆ ನಾನು ಶಾಲೆಗೆ ಹೋದಾಗ ಗಂಟೆ ಹೊಡೆಯುವ ಕೊಡತಿಗೆ ಮಾಸ್ತರರ ಹಳೆಯ ರುಮಾಲು ಸುತ್ತಿತ್ತು. ನನ್ನೆದುರೇ ಅವರು ಸಂಜೆಯ ಗಂಟೆ ಹೊಡೆದರು; ಹಿಟ್ಟು ಕುಟ್ಟಿದ ಸಪ್ಪಳ. ಕಚೇರಿಗೆ ಮೋರ್ಚಾ ಒಯ್ದು, ಲಾಠಿ ತಿಂದು ಶಾಲೆಗೆ ಆ ಗಂಟೆ ತರಿಸಿದವರು ನಾವು ಊರವರು; ಸಿಟ್ಟು ನೆತ್ತಿಗೇರಿತು. "ಏನ್ರಿ ಮಾಸ್ತರ, ಇದು ಯಾರಿಗಿ ಕೇಳಬೇಕ್ರಿ?" ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದರು. ಹುಡುಗರೆಲ್ಲ ಪಾಟಿಚೀಲ ಎತ್ತಿಕೊಂಡು ಹೋಗುತ್ತಿದ್ದರೆ ಶಿವಕಾಂತಾ ಗೋಡೆಗೆ ಮುಖ ಮಾಡಿ ಕೂತಲ್ಲೇ ಕೂತಿದ್ದಳು, ಕೈ ಕಿವಿಯ ಮೇಲಿರಲಿಲ್ಲ. "ಈಗ ಯಾಕ ಓಡಲಿಲ್ಲ, ಅದೂ ತಿಳಿವಲ್ದು ನೋಡ್ರಿ," ಎಂದರು ದೌಲತರಾಯ ಮಾಸ್ತರರು, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ.